ಮನೇಲೇ ಕೆಫೆ ರೇಸರ್ ಮಾಡ್ಬೇಕು, ಫ್ರೇಮ್ ಎಲ್ಲಿಂದ ಕಟ್ ಮಾಡ್ಲಿ?

ಪ್ರಶ್ನೆ: ಅಣ್ಣ ನಮಸ್ಕಾರ. ಅಪ್ಪಂದು ಹಳೇ ಸಿಂಗಲ್ ಸಿಲಿಂಡರ್ ಗಾಡಿ ಒಂದು ಶೆಡ್ಡಲ್ಲಿ ಎಷ್ಟೋ ವರ್ಷದಿಂದ ನಿಂತಿದೆ, ಕಿಕ್ ಹೊಡುದ್ರೆ ಸ್ಟಾರ್ಟ್ ಆಗುತ್ತೆ ಆದ್ರೆ ಐಡ್ಲಿಂಗ್ ನಿಲ್ಲಲ್ಲ, ಆಕ್ಸಿಲರೇಟರ್ ಬಿಟ್ರೆ ಆಫ್. ಇದನ್ನ ಕೆಫೆ ರೇಸರ್ (ಭಾರ ಕಮ್ಮಿ ಮಾಡಿ, ಬಗ್ಗಿ ಕೂತು ಓಡ್ಸೋ ಹಳೇ ರೇಸ್ ಸ್ಟೈಲ್ ಬೈಕು) ಮಾಡ್ಬೇಕು ಅಂತ ಆಸೆ. ಗ್ರೈಂಡರ್ ಇದೆ, ಫ್ರೆಂಡ್ ಹತ್ರ ವೆಲ್ಡಿಂಗ್ ಮಷಿನ್ ಇದೆ. ಫ್ರೇಮ್ ಹಿಂದ್ಗಡೆ ಎಲ್ಲಿಂದ ಕಟ್ ಮಾಡ್ಬೇಕು ಹೇಳಿ, ಈ ಭಾನುವಾರನೇ ಶುರು ಮಾಡ್ತೀನಿ.

ಉತ್ತರ: ಗ್ರೈಂಡರ್ ಎತ್ತಿಡಿ ಮೊದ್ಲು 😀 ಬೈತಿಲ್ಲ, ನನ್ ವರ್ಕ್‌ಶಾಪ್‌ಗೆ ಬರೋ ಅರ್ಧಂಬರ್ಧ ಪ್ರಾಜೆಕ್ಟ್ ಗಾಡಿಗಳೆಲ್ಲ ಹೀಗೇ ಶುರುವಾಗಿರೋದು. ಫ್ರೇಮ್ ಕಟ್ ಆಗಿರುತ್ತೆ, ಸೀಟೂ ಹೊಲ್ಸಿರ್ತಾರೆ, ಇಂಜಿನ್ ಮಾತ್ರ ಓಡಲ್ಲ. ಆಮೇಲೆ ವೈರಿಂಗೂ ಹೊಸದು, ಫಿಲ್ಟರೂ ಹೊಸದು, ಸೈಲೆನ್ಸರೂ ಹೊಸದು, ತೊಂದ್ರೆ ಎಲ್ಲಿದೆ ಅಂತ ಹುಡ್ಕೋಕೆ ಬುಡನೇ ಸಿಗಲ್ಲ.

ಗಾಡಿ ಹೆಂಗಿದ್ಯೋ ಹಂಗೇ ಇಟ್ಕೊಂಡು ಓಡೋ ಹಾಗೆ ಮಾಡಿ. ಐಡ್ಲಿಂಗ್ ನಿಲ್ತಿಲ್ಲ ಅಂದ್ರೆ ಪೈಲಟ್ ಜೆಟ್ (ಐಡ್ಲಿಂಗಲ್ಲಿ ಪೆಟ್ರೋಲ್ ಬಿಡೋ ಕಾರ್ಬೋರೇಟರ್ ಒಳಗಿನ ಸಣ್ಣ ತೂತು) ಕಟ್ಕೊಂಡಿರೋ ಚಾನ್ಸೇ ಜಾಸ್ತಿ, ನಿಂತ ಪೆಟ್ರೋಲ್ ಒಣಗಿ ಅಂಟಾಗಿ ಕೂತಿರುತ್ತೆ. ಇಲ್ಲಾಂದ್ರೆ ಕಾರ್ಬೋರೇಟರ್‌ಗೂ ಇಂಜಿನ್ ಹೆಡ್ಡಿಗೂ ಮಧ್ಯೆ ಇರೋ ರಬ್ಬರ್ ಸೀಳಿ ಗಾಳಿ ಎಳೀತಿರ್ಬೋದು. ಇಂಜಿನ್ ಪೂರ್ತಿ ತಣ್ಣಗಿರೋವಾಗ ವಾಲ್ವ್ ಕ್ಲಿಯರೆನ್ಸ್ (ವಾಲ್ವ್ ಮೇಲೆ ಬಿಡೋ ಸಣ್ಣ ಸಂದು) ನೋಡಿ, ಕಂಪ್ರೆಶನ್ (ಸಿಲಿಂಡರ್ ಒಳಗಿನ ಒತ್ತಡ) ಚೆಕ್ ಮಾಡ್ಸಿ. ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ, 2319 ಅಂತಿದ್ರೆ 2019ರ 23ನೇ ವಾರದಲ್ಲಿ ಆಗಿದ್ದು ಅಂತ. ನಿಂತ ಗಾಡಿ ಟೈರು ನೋಡೋಕೆ ಹೊಸದ್ರಂಗೇ ಇದ್ರೂ ರಬ್ಬರ್ ಗಟ್ಟಿಯಾಗಿರುತ್ತೆ, ಹಿಡಿತ ಇರಲ್ಲ.

ಇನ್ನೊಂದು, ಜಪಾನ್ ಡಿಸೈನಿನ ಗಾಡಿ ಆಗಿದ್ರೆ ಅದ್ರಲ್ಲಿ ಪ್ಲಸ್ ಥರ ಕಾಣೋ ಸ್ಕ್ರೂಗಳು ಜೆಐಎಸ್ ಅನ್ನೋ ಅಳತೇದು, ಮಾಮೂಲಿ ಪ್ಲಸ್ ಸ್ಕ್ರೂಡ್ರೈವರ್ ಅದ್ರಲ್ಲಿ ತಳದ ತನಕ ಕೂರಲ್ಲ, ತಿರುಗ್ಸಿದ್ರೆ ಮೇಲಕ್ಕೆ ಎಗರಿ ಸ್ಕ್ರೂ ತಲೆ ತಿಂದಾಕುತ್ತೆ. ಇಂಜಿನ್ ಸೈಡ್ ಕವರ್‌ಗೆ ಕೈ ಹಾಕೋ ಮುಂಚೆ ಜೆಐಎಸ್ ಬಿಟ್ ತಗೊಳ್ಳಿ.

ಪ್ರಶ್ನೆ: ಸರಿ ಅಣ್ಣ, ಓಡೋ ಹಾಗೆ ಮಾಡ್ತೀನಿ. ಆದ್ರೂ ಕಟ್ ಮಾಡೋದು ಎಲ್ಲಿಂದ ಅಂತ ಹೇಳ್ಬಿಡಿ.

ಉತ್ತರ: ಬಿಡಲ್ಲ ನೀವು. ಫೋಟೋ ನೋಡಿ ಇಲ್ಲಿಂದ ಕತ್ತರಿಸಿ ಅಂತ ಗೆರೆ ಹಾಕಿಕೊಡೋಕಾಗಲ್ಲ, ನೀವೇ ಅಳತೆ ತೆಗೀಬೇಕು. ದಪ್ಪ ರಟ್ಟಲ್ಲೋ ಪ್ಲೈವುಡ್ಡಲ್ಲೋ ಸೀಟಿನ ಆಕಾರ ಮಾಡ್ಕೊಂಡು ಫ್ರೇಮ್ ಮೇಲಿಡಿ. ಟ್ಯಾಂಕಿನ ಕೆಳಗಿನ ಅಂಚು, ಸೀಟಿನ ಕೆಳಗಿನ ಅಂಚು ಎರಡೂ ಒಂದೇ ನೇರಕ್ಕೆ ಬಂದ್ರೆ ಪಕ್ಕದಿಂದ ನೋಡಿದ್ರೆ ಗಾಡಿ ಸರಿ ಕಾಣುತ್ತೆ, ಇದನ್ನೇ ಬೋನ್ ಲೈನ್ ಅನ್ನೋದು. ಆಮೇಲೆ ಎರಡೂ ಶಾಕಬ್ಸರ್ ಬಿಚ್ಚಿ ಹಿಂದಿನ ಚಕ್ರನ ನಿಧಾನಕ್ಕೆ ಮೇಲಕ್ಕೆತ್ತಿ, ಶಾಕಬ್ಸರ್ ಪೂರ್ತಿ ಒತ್ಕೊಂಡಾಗ ಚಕ್ರ ಎಲ್ಲಿಗೆ ಬರುತ್ತೋ ಅಲ್ಲೀ ತನಕ. ಅಷ್ಟು ಮೇಲೆ ಬಂದಾಗ್ಲೂ ಟೈರಿಗೂ ನೀವು ಹಾಕೋ ಹೂಪ್‌ಗೂ (ಕಟ್ ಮಾಡಿದ ಎರಡು ತುದಿ ಸೇರಿಸೋ ಬಗ್ಗಿದ ಪೈಪು) ಮಧ್ಯೆ ಜಾಗ ಉಳೀಬೇಕು. ಇದನ್ನ ಜನ ನೋಡೋದೇ ಇಲ್ಲ, ಮೊದಲನೇ ಗುಂಡಿಗೆ ಇಳಿಸಿದಾಗ ಟೈರು ಸೀಟಿನ ತಳ ಉಜ್ಜುತ್ತೆ, ಜೊತೆಗೆ ಅಲ್ಲೇ ಹೋಗಿರೋ ಟೇಲ್ ಲೈಟ್ ವೈರನ್ನೂ ಕಿತ್ತಾಕುತ್ತೆ.

ಶಾಕಬ್ಸರ್ ಮೇಲಿನ ಮೌಂಟು, ಅದಕ್ಕೆ ಆಸರೆಯಾಗಿರೋ ಪೈಪು, ಇವೆರಡನ್ನ ಮುಟ್ಟೋ ಹಾಗಿಲ್ಲ. ಕಟ್ ಮಾಡೋದೇನಿದ್ರೂ ಅದ್ರ ಹಿಂದೆ. ಹೂಪ್ ಪೈಪು ಫ್ರೇಮ್ ಪೈಪಿನಷ್ಟೇ ವ್ಯಾಸ, ಅಷ್ಟೇ ದಪ್ಪ ಇರ್ಲಿ, ಸೇರೋ ಜಾಗದಲ್ಲಿ ಒಳಗೆ ಒಂದು ತುಂಡು ರಾಡ್ ಬಿಗಿಯಾಗಿ ಕೂರಿಸಿ ಆಮೇಲೆ ವೆಲ್ಡ್ ಮಾಡಿ. ಸುಮ್ನೆ ತುದಿಗೆ ತುದಿ ಅಂಟಿಸಿದ್ರೆ ಅಲ್ಲೇ ಬಿರುಕು ಬಿಡೋದು. ನಿಮ್ ಫ್ರೆಂಡ್ ಗೇಟು ಗ್ರಿಲ್ಲು ವೆಲ್ಡ್ ಮಾಡೋರಾದ್ರೆ ಟ್ಯಾಕ್ (ಜಾಗಕ್ಕೆ ನಿಲ್ಲಿಸೋಕೆ ಅಲ್ಲಲ್ಲಿ ಚುಕ್ಕಿ ವೆಲ್ಡ್) ಹಾಕೋಕಷ್ಟೇ ಬಿಡಿ, ಪೂರ್ತಿ ವೆಲ್ಡಿಂಗ್ ಗಾಡಿ ಫ್ರೇಮ್ ಮಾಡಿ ಅಭ್ಯಾಸ ಇರೋರ ಕೈಲೇ ಆಗ್ಲಿ.

ವೆಲ್ಡ್ ಮಾಡೋವಾಗ ಬ್ಯಾಟ್ರಿ ಕಳಚಿ, ಸಿಡಿಐ (ಪ್ಲಗ್ಗಿಗೆ ಕಿಡಿ ಕೊಡೋ ಎಲೆಕ್ಟ್ರಾನಿಕ್ ಬಾಕ್ಸು) ಮತ್ತೆ ರೆಕ್ಟಿಫೈಯರ್ (ಬ್ಯಾಟ್ರಿ ಚಾರ್ಜಿಗೆ ಕರೆಂಟ್ ಬದಲಾಯ್ಸೋದು) ಕನೆಕ್ಟರ್ ತೆಗೀರಿ, ಅರ್ಥ್ ಕ್ಲಾಂಪ್‌ನ ವೆಲ್ಡ್ ಆಗೋ ಪೈಪಿಗೇ ಹತ್ರದಲ್ಲಿ ಹಾಕಿ. ಮುಂದಿನ ಚಕ್ರಕ್ಕೆಲ್ಲೋ ಕ್ಲಾಂಪ್ ಹಾಕಿ ಹಿಂದೆ ವೆಲ್ಡ್ ಮಾಡಿದ್ರೆ ಕರೆಂಟು ಬೇರಿಂಗ್ ಮೂಲಕ ಹಾದು ಬೇರಿಂಗಲ್ಲಿ ಸಣ್ಣ ಸಣ್ಣ ಗುಳಿ ಬೀಳುತ್ತೆ. ಪೆಟ್ರೋಲ್ ಟ್ಯಾಂಕ್ ಆ ಜಾಗದಲ್ಲೇ ಇರಬಾರ್ದು, ಖಾಲಿ ಟ್ಯಾಂಕ್ ಇನ್ನೂ ಡೇಂಜರ್, ಒಳಗೆ ಆವಿ ತುಂಬ್ಕೊಂಡಿರುತ್ತೆ. ಫ್ರೇಮ್ ನಂಬರ್ ಹತ್ರ ಗ್ರೈಂಡರ್ ಸುಳೀಲೇಬಾರ್ದು. ನಿಮ್ ಕಡೆ ಗಾಡಿ ಮಾರ್ಪಾಡಿಗೆ ಕಾನೂನಲ್ಲಿ ಏನೇನು ಬಿಟ್ಟಿದಾರೆ ಅಂತಾನೂ ಕಟ್ ಮಾಡೋಕೆ ಮುಂಚೆನೇ ಕೇಳ್ಕೊಳ್ಳಿ, ಆಮೇಲೆ ಅಲ್ಲ.

ಪ್ರಶ್ನೆ (ಬೇರೆಯವರದು): ಸರ್, ನಾನು ಕ್ಲಿಪ್ ಆನ್ ಹ್ಯಾಂಡಲ್ (ಮುಂದಿನ ಫೋರ್ಕಿಗೇ ಕಚ್ಚೋ ತಗ್ಗಿನ ಎರಡು ತುಂಡು ಹ್ಯಾಂಡಲ್) ಹಾಕ್ಸಿದೀನಿ, ಅರ್ಧ ಗಂಟೆ ಓಡ್ಸಿದ್ರೆ ಮಣಿಕಟ್ಟು ಸೊಂಟ ಎರಡೂ ಹೋಗುತ್ತೆ. ಕೆಫೆ ರೇಸರ್ ಅಂದ್ರೆ ಇಷ್ಟೇನಾ?

ಉತ್ತರ: ಇಲ್ಲ ಮೇಡಂ. ಫುಟ್‌ರೆಸ್ಟ್ ಹಳೇ ಜಾಗದಲ್ಲೇ ಇದೆ ಅನ್ಸುತ್ತೆ, ಅಲ್ವಾ? ಕೈ ಕೆಳಗೆ ಮುಂದೆ ಹೋಯ್ತು, ಕಾಲು ಮುಂದೇನೇ ಉಳೀತು, ಮೈ ಭಾರ ಪೂರ್ತಿ ಅಂಗೈ ಮೇಲೆ. ಕ್ಲಿಪ್ ಆನ್ ಹಾಕಿದ್ರೆ ರಿಯರ್‌ಸೆಟ್ಟೂ (ಹಿಂದಕ್ಕೆ ಸರಿಸಿದ ಫುಟ್‌ರೆಸ್ಟ್, ಗೇರ್, ಬ್ರೇಕ್ ಪೆಡಲ್) ಹಾಕ್ಲೇಬೇಕು. ರಿಯರ್‌ಸೆಟ್ ಹಾಕೋವಾಗ ಗೇರ್ ಶಾಫ್ಟ್ ಮೇಲಿನ ಆರ್ಮ್ ಯಾವ ಕಡೆ ಮುಖ ಮಾಡಿದೆ ನೋಡಿ, ಉಲ್ಟಾ ಕೂತ್ರೆ ಗೇರ್ ಪ್ಯಾಟರ್ನೂ ಉಲ್ಟಾ ಆಗುತ್ತೆ. ಮತ್ತೆ ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗ್ಸಿ, ಟ್ಯಾಂಕಿಗೂ ಗ್ರಿಪ್ಪಿಗೂ ಮಧ್ಯೆ ಹೆಬ್ಬೆರಳು ಸಿಕ್ಕಾಕೊಳ್ಳುತ್ತಾ ನೋಡಿ. ಸಿಕ್ಕಾಕೊಂಡ್ರೆ ಯೂ ಟರ್ನ್ ಹೊಡೆಯೋವಾಗ ಬೀಳ್ತೀರ.

ಸಿಟೀಲೇ ಓಡ್ಸೋದು ಜಾಸ್ತಿ ಅಂದ್ರೆ ಕ್ಲಿಪ್ ಆನ್ ಬಿಟ್ಟು ತಗ್ಗಾಗಿರೋ ಒಂದೇ ಪೀಸ್ ಹ್ಯಾಂಡಲ್ ಹಾಕಿ, ಯಾರೂ ನಿಮ್ಮನ್ನ ಕೆಫೆ ರೇಸರ್ ಅಲ್ಲ ಅನ್ನಲ್ಲ. ಲಂಡನ್ನಿನ ಏಸ್ ಕೆಫೆ, 1938ರಲ್ಲಿ ಶುರುವಾಗಿದ್ದು, ಅಲ್ಲಿ 50, 60ರ ದಶಕದಲ್ಲಿ ಸೇರ್ತಿದ್ದ ಹುಡುಗ್ರಿಗೆ ಬೇಕಾಗಿದ್ದು ಗಂಟೆಗೆ 100 ಮೈಲಿ, ಅಂದ್ರೆ 160 ಕಿಮೀ ಸ್ಪೀಡು. ಅದಕ್ಕೇ ನಾರ್ಟನ್ ಫ್ರೇಮ್‌ಗೆ ಟ್ರಯಂಫ್ ಇಂಜಿನ್ ಕೂರಿಸಿ ಟ್ರೈಟನ್ ಅಂತ ಮಾಡ್ಕೊಂಡಿದ್ದು. ಗಾಡಿ ಜೋರಾಗಿ ಹೋಗ್ಲಿ ಅಂತ ಭಾರ ಕಿತ್ತಾಕಿದ್ರು, ಬಗ್ಗಿ ಕೂತ್ರು. ಈಗಿನವರು ಫೋಟೋಗೆ ಅಂತ ಬಗ್ತಾರೆ, ಒಳಗಡೆ ಬ್ರೇಕ್ ಶೂ ಸವೆದು ಹೋಗಿರುತ್ತೆ.

ಪ್ರಶ್ನೆ (ಇನ್ನೊಬ್ಬರದು): ಗುರು, ಏರ್ ಬಾಕ್ಸ್ (ಫಿಲ್ಟರ್ ಇರೋ ಕಂಪನಿ ಡಬ್ಬ) ತೆಗೆದು ಕೋನ್ ಫಿಲ್ಟರ್ ಹಾಕಿದ್ಮೇಲೆ ಆಕ್ಸಿಲರೇಟರ್ ಬಿಟ್ಟಾಗ ಸೈಲೆನ್ಸರಲ್ಲಿ ಪಟ್ ಪಟ್ ಅನ್ನುತ್ತೆ, ಮಧ್ಯದಲ್ಲಿ ಪಿಕಪ್ ಸತ್ತೋಗುತ್ತೆ. ದೊಡ್ಡ ಮೇನ್ ಜೆಟ್ ಹಾಕಿದೆ, ಅಷ್ಟೇನೂ ವ್ಯತ್ಯಾಸ ಇಲ್ಲ.

ಉತ್ತರ: ಗಾಳಿ ಜಾಸ್ತಿ ಪೆಟ್ರೋಲ್ ಕಮ್ಮಿ, ಲೀನ್ ಆಗಿದೆ. ಮೇನ್ ಜೆಟ್ (ಫುಲ್ ಸ್ಪೀಡಲ್ಲಿ ಪೆಟ್ರೋಲ್ ಬಿಡೋ ದೊಡ್ಡ ತೂತು) ಕೆಲ್ಸ ಮಾಡೋದು ಆಕ್ಸಿಲರೇಟರ್ ಮುಕ್ಕಾಲು ದಾಟಿದ್ಮೇಲೆ, ನಿಮ್ ತೊಂದ್ರೆ ಇರೋದು ಮಧ್ಯದಲ್ಲಿ. ಗ್ರಿಪ್ ಮೇಲೆ ಬಿಳಿ ಟೇಪ್ ಸುತ್ತಿ, ಪೂರ್ತಿ ಮುಚ್ಚಿದಾಗ, ಕಾಲು, ಅರ್ಧ, ಮುಕ್ಕಾಲು ಅಂತ ಪೆನ್ನಲ್ಲಿ ಗೆರೆ ಹಾಕಿ, ಪಕ್ಕದ ಹೌಸಿಂಗ್ ಮೇಲೆ ಒಂದು ಗೆರೆ. ಓಡಿಸ್ತಾ ಯಾವ ಗೆರೇಲಿ ಎಡವುತ್ತೆ ನೋಡಿ. ಕಾಲು ಭಾಗದ ಒಳಗಾದ್ರೆ ಪೈಲಟ್ ಜೆಟ್ಟು, ಕಾಲಿಂದ ಮುಕ್ಕಾಲು ಅಂದ್ರೆ ಕಾರ್ಬೋರೇಟರ್ ಸ್ಲೈಡಿನ ಸೂಜಿ. ಸೂಜಿ ಕ್ಲಿಪ್‌ನ ಒಂದು ಕಚ್ಚು ಕೆಳಕ್ಕೆ ಹಾಕಿದ್ರೆ ಸೂಜಿ ಮೇಲೆ ಬರುತ್ತೆ, ಪೆಟ್ರೋಲ್ ಜಾಸ್ತಿ ಹೋಗುತ್ತೆ. ಒಂದ್ಸಲಕ್ಕೆ ಒಂದೇ ಬದಲಾವಣೆ ಮಾಡಿ, ಪ್ಲಗ್ ಬಿಚ್ಚಿ ನೋಡಿ. ಬೆಳ್ಳಗಿದ್ರೆ ಇನ್ನೂ ಲೀನ್, ಕಪ್ಪು ಮಸಿ ಆದ್ರೆ ಜಾಸ್ತಿ ಆಯ್ತು, ಕಾಫಿ ಬಣ್ಣ ಬಂದ್ರೆ ನಿಲ್ಲಿಸಿ. ಬರೀ ಪಟ್ ಪಟ್ ಶಬ್ದ ಮಾತ್ರ ಉಳಿದ್ರೆ ಹೆಡ್ ಹತ್ರ ಸೈಲೆನ್ಸರ್ ಜಾಯಿಂಟಲ್ಲಿ ಗಾಳಿ ಎಳೀತಿದ್ಯಾ ನೋಡಿ.

ನನ್ನ ಕೇಳಿದ್ರೆ ಏರ್ ಬಾಕ್ಸ್ ವಾಪಸ್ ಹಾಕ್ಬಿಡಿ. ಅದ್ರಲ್ಲೂ ಸಿವಿ ಕಾರ್ಬೋರೇಟರ್ ಆಗಿದ್ರೆ, ಒಳಗಿನ ಸ್ಲೈಡು ಏಳೋದೇ ಗಾಳಿಯ ಎಳೆತಕ್ಕೆ, ಏರ್ ಬಾಕ್ಸ್ ತೆಗೆದ್ರೆ ಆ ಲೆಕ್ಕನೇ ತಪ್ಪೋಗುತ್ತೆ. ಫ್ರೇಮ್ ಮಧ್ಯೆ ಖಾಲಿ ತ್ರಿಕೋನ ಕಾಣ್ಬೇಕು ಅನ್ನೋ ಆಸೆಗೆ ಎಷ್ಟೋ ಜನ ಪಿಕಪ್ ಕಳ್ಕೊಂಡಿದಾರೆ.

ಪ್ರಶ್ನೆ (ಮತ್ತೊಬ್ಬರದು): ಎಲ್‌ಇಡಿ ಇಂಡಿಕೇಟರ್ ಹಾಕಿದ್ಮೇಲೆ ಸಿಕ್ಕಾಪಟ್ಟೆ ಸ್ಪೀಡಾಗಿ ಮಿನುಗುತ್ತೆ ಸರ್.

ಉತ್ತರ: ಹಳೇ ಫ್ಲಾಶರ್‌ಗೆ (ಇಂಡಿಕೇಟರ್ ಮಿನುಗಿಸೋ ರಿಲೇ) ಎಲ್‌ಇಡಿ ಎಳೆಯೋ ಕರೆಂಟು ಸಾಲಲ್ಲ. ಎಲ್‌ಇಡಿಗೆ ಅಂತಾನೇ ಬರೋ ಫ್ಲಾಶರ್ ಹಾಕಿ, ಸರಿಹೋಗುತ್ತೆ.

ಪ್ರಶ್ನೆ (ಮೊದಲನೆಯವರದೇ): ಅಣ್ಣ ಕೊನೇದು, ಪೌಡರ್ ಕೋಟಿಂಗ್ (ಪುಡಿ ಬಣ್ಣ ಹಾಕಿ ಒಲೇಲಿ ಸುಡೋದು) ಯಾವಾಗ ಮಾಡ್ಸೋದು? ಫ್ರೇಮ್ ಬಿಚ್ಚಿದಾಗ್ಲೇ ಕೊಟ್ಬಿಡ್ಲಾ?

ಉತ್ತರ: ಬೇಡ. ಬಣ್ಣ ಇಲ್ದೇನೇ ಪೂರ್ತಿ ಗಾಡಿ ಜೋಡಿಸಿ, ಸೀಟು, ಬ್ಯಾಟ್ರಿ ಬಾಕ್ಸು, ನಂಬರ್ ಪ್ಲೇಟು, ಹಾರ್ನು ಎಲ್ಲ ಕೂರಿಸಿ ಸ್ವಲ್ಪ ದಿನ ಓಡ್ಸಿ. ಎಲ್ಲೋ ಒಂದು ಟ್ಯಾಬ್ ವೆಲ್ಡ್ ಮಾಡೋದು ಮರ್ತಿರ್ತೀರ, ಅದು ಆಗ ಗೊತ್ತಾಗುತ್ತೆ. ಆಮೇಲೆ ಬಿಚ್ಚಿ ಕೋಟಿಂಗ್‌ಗೆ ಕೊಡಿ. ಕೊಡೋವಾಗ ಬೇರಿಂಗ್ ಕೂರೋ ಜಾಗ, ಬೋಲ್ಟ್ ಥ್ರೆಡ್‌ಗಳು, ಇಂಜಿನ್ ಮೌಂಟ್ ಮುಖ, ಇವನ್ನ ಮಾಸ್ಕ್ ಮಾಡೋಕೆ ಬರ್ದು ಕೊಡಿ, ಬಾಯಲ್ಲಿ ಹೇಳಿದ್ರೆ ಮರೀತಾರೆ. ವಾಪಸ್ ಜೋಡ್ಸಿದ್ಮೇಲೆ ಕರೆಂಟೇ ಇಲ್ಲ, ಹಾರ್ನ್ ಕೀರಲು, ಲೈಟ್ ಮಂಕು ಅಂದ್ರೆ ಗಾಬರಿ ಬೇಡ, ಅರ್ಥ್ ವೈರ್ ಕಚ್ಚೋ ಜಾಗದಲ್ಲಿ ಕೋಟಿಂಗ್ ಕೂತಿರುತ್ತೆ, ಅದ್ರಲ್ಲಿ ಕರೆಂಟ್ ಹರಿಯಲ್ಲ. ಆ ಬೋಲ್ಟ್ ಕೆಳಗೆ ವಾಷರ್ ಅಗಲಕ್ಕೆ ಕೆರೆದು ಲೋಹ ಕಾಣೋ ಹಾಗೆ ಮಾಡಿ, ವೈರ್ ಬಿಗಿದು, ತುಕ್ಕು ಹಿಡೀದಂಗೆ ಮೇಲೆ ಸ್ವಲ್ಪ ಗ್ರೀಸ್ ಸವರಿ.