‘ದಿ ನೈಟ್ ಆಫ್ ದಿ ಹಂಟರ್’: ಬಲಗೈ ಪ್ರೀತಿ, ಎಡಗೈ ದ್ವೇಷ, ಇಷ್ಟೇನಾ?

ಟೂರಿಂಗ್‌ಟಾಕೀಸ್:
ನಮ್ಮ ಚಿತ್ರ ಸಮಾಜದಲ್ಲಿ ಬರುವ ತಿಂಗಳು ಚಾರ್ಲ್ಸ್ ಲಾಟನ್ ನಿರ್ದೇಶನದ ಈ 1955ರ ಸಿನಿಮಾ ಹಾಕ್ತಿದೀವಿ. 93 ನಿಮಿಷದ ಚಿತ್ರ, ಆಮೇಲೆ ಮುಕ್ಕಾಲು ಗಂಟೆ ಚರ್ಚೆ. ವಿಷಯ ಒಳಿತು-ಕೆಡುಕು ಮತ್ತು ಕ್ರೈಸ್ತ ಸಂಕೇತಗಳು. ಟಿಪ್ಪಣಿ ಬರೆಯೋಕೆ ಕೂತರೆ ಎಲ್ಲಾ ಬಂದು ಒಂದೇ ಕಡೆ ನಿಲ್ಲುತ್ತೆ: ಜೈಲಿನಲ್ಲಿ ಜೊತೆಗಿದ್ದವನು ಬಚ್ಚಿಟ್ಟ ಹಣಕ್ಕಾಗಿ ಅವನ ವಿಧವೆ, ಮಕ್ಕಳ ಬೆನ್ನು ಹತ್ತೋ ಕ್ರೈಸ್ತ ಬೋಧಕ ಹ್ಯಾರಿ ಪವೆಲ್‌ನ (ರಾಬರ್ಟ್ ಮಿಚಮ್) ಬೆರಳುಗಳ ಹಚ್ಚೆ. ಬಲಗೈ ಬೆರಳುಗಳಲ್ಲಿ ‘ಲವ್’, ಎಡಗೈಯಲ್ಲಿ ‘ಹೇಟ್’. ಅದನ್ನೇ ಎಷ್ಟು ಹೊತ್ತು ಎಳೆಯೋದು? ಇದು ಬರೀ ಗೋಮುಖವ್ಯಾಘ್ರನ ಕಥೆಯಾ? ಸನ್ಯಾಸಿ ವೇಷದ ರಾವಣನ ಹೋಲಿಕೆ ಕೊಡಬಹುದಾ? ಬೈಬಲ್ ಓದದವರಿಗೆ ಯಾವ ದೃಶ್ಯಗಳನ್ನ ಮತ್ತೆ ಹಾಕಿ ತೋರಿಸಬೇಕು?

ಕಪ್ಪುಬಿಳುಪು:
ಹಚ್ಚೆ ಬಿಡಬೇಡಿ, ಆದರೆ ಅದನ್ನ ಸಿನಿಮಾದ ಸಂದೇಶ ಅಂತ ಹೇಳಬೇಡಿ. ಅದು ಪವೆಲ್‌ನ ಸಂದೇಶ. ಐಸ್‌ಕ್ರೀಂ ಅಂಗಡಿಯಲ್ಲಿ ಅವನು ಹತ್ತೂ ಬೆರಳು ಹೆಣೆದು ಕುಸ್ತಿ ಆಡಿಸ್ತಾನಲ್ಲ, ಆಗ ಕೈಗಳನ್ನಲ್ಲ, ಸುತ್ತ ಇರೋರ ಮುಖ ನೋಡೋಕೆ ಹೇಳಿ. ಅಂಗಡಿಯಾಕೆ ಐಸಿ ಸ್ಪೂನ್ ಕರಗಿಹೋಗ್ತಾಳೆ, ಆ ವಿಧವೆಯ ಮಗ ಜಾನ್ ಮಾತ್ರ ಗಟ್ಟಿಯಾಗಿ ನಿಂತಿರ್ತಾನೆ. ಪ್ರೀತಿ ಗೆಲ್ಲೋದು ಸರಿಯೇ, ಆದರೆ ಎರಡೂ ಕೈ ಒಬ್ಬನವೇ. ಯಾವ ಕೈ ಗೆದ್ದರೂ ಗೆದ್ದವನು ಪವೆಲ್. ಇನ್ನೊಂದು: ಬೈಬಲ್‌ನ ಕಾಯಿನ ತಮ್ಮನನ್ನ ಹೊಡೆದದ್ದು ಎಡಗೈಯಲ್ಲಿ ಅಂತಾನೆ. ಆದಿಕಾಂಡದ 4ನೇ ಅಧ್ಯಾಯ ತೆಗೆದು ನೋಡಿ, ಕೈ ಯಾವುದು ಅಂತ ಅಲ್ಲಿಲ್ಲ. ಗ್ರಂಥಕ್ಕೆ ತನ್ನದೊಂದು ಸೇರಿಸ್ತಾನೆ, ಯಾರೂ ಕೇಳಲ್ಲ.

ಸಿನಿಮಾ ತನ್ನ ಅಳತೆಗೋಲನ್ನ ಮೊದಲೇ ಕೊಟ್ಟಿರುತ್ತೆ. ನಕ್ಷತ್ರಗಳ ನಡುವೆ, ಮುಂದೆ ಜಾನ್ ಮತ್ತವನ ತಂಗಿಗೆ ಆಸರೆ ಕೊಡೋ ರೇಚಲ್ ಕೂಪರ್ (ಲಿಲಿಯನ್ ಗಿಷ್) ಮಕ್ಕಳಿಗೆ ಬೈಬಲ್‌ನ ಮತ್ತಾಯ 7ನೇ ಅಧ್ಯಾಯ ಹೇಳ್ತಾಳೆ: ಕುರಿವೇಷದಲ್ಲಿ ಬರೋ ಸುಳ್ಳು ಪ್ರವಾದಿಗಳು, ಮರವನ್ನ ಅದರ ಫಲದಿಂದ ಗುರುತಿಸಬೇಕು ಅನ್ನೋ ಮಾತು. ಹಿಂದೆಯೇ ಕ್ಯಾಮೆರಾ ಆಕಾಶದಿಂದ ಇಳಿಯುತ್ತೆ, ಕಣ್ಣಾಮುಚ್ಚಾಲೆ ಆಡ್ತಿರೋ ಮಕ್ಕಳಿಗೆ ನೆಲಮಾಳಿಗೆ ಬಾಗಿಲಲ್ಲಿ ಕೊಲೆಯಾದ ಹೆಂಗಸಿನ ಕಾಲು ಕಾಣುತ್ತೆ. ಫಲ ಮೊದಲು, ಮರ ಆಮೇಲೆ: ಪವೆಲ್ ಕಾರಲ್ಲಿ ಬರೋದು ಇದಾದ ಮೇಲೆ. ಈ ಮೂರು ತುಣುಕನ್ನ ಕತ್ತರಿಸದೆ ಒಟ್ಟಿಗೆ ತೋರಿಸಿ.

ರಾವಣನ ಹೋಲಿಕೆ ಅರ್ಧ ದಾರಿ ಬರುತ್ತೆ, ಅಲ್ಲೇ ನಿಲ್ಲುತ್ತೆ. ರಾವಣನಿಗೆ ಕಾವಿ ಬರೀ ವೇಷ ಅಂತ ಗೊತ್ತು, ಕೆಲಸ ಆದಮೇಲೆ ಕಳಚಿಹಾಕ್ತಾನೆ. ಪವೆಲ್ ಕಳಚಲ್ಲ. ಕಾರಲ್ಲಿ ಒಬ್ಬನೇ ಇದ್ದಾಗಲೂ ದೇವರ ಹತ್ತಿರ ಲೆಕ್ಕ ಒಪ್ಪಿಸ್ತಾನೆ, ತಾನು ಕೊಂದ ವಿಧವೆಯರು ಎಷ್ಟಾದರು, ಆರೋ ಹನ್ನೆರಡೋ ಅಂತ. ನೋಡೋರೇ ಇಲ್ಲದ ಕಡೆ ಯಾರು ನಾಟಕ ಆಡ್ತಾರೆ? ಜೈಲಿನಲ್ಲಿ ಜಾನ್‌ನ ಅಪ್ಪ ಬೆನ್ ಹಾರ್ಪರ್ ನಿನ್ನ ಧರ್ಮ ಯಾವುದು ಅಂದಾಗ, ದೇವರೂ ನಾನೂ ಸೇರಿ ಮಾಡ್ಕೊಂಡಿದ್ದು ಅಂತಾನೆ. ಡೋಂಗಿಗಿಂತ ಇದು ಭಯಂಕರ.

ತೋಳುಬಂದಿ:
ಮೇಲಿನವರು ಹಾಡನ್ನ ಬಿಟ್ಟರು. ನನ್ನ ಕೇಳಿದರೆ ಚರ್ಚೆಗೆ ಅದೊಂದೇ ದೃಶ್ಯ ಸಾಕು.

ಪವೆಲ್ ಸಿನಿಮಾ ಉದ್ದಕ್ಕೂ ಗುನುಗೋದು ‘ಲೀನಿಂಗ್ ಆನ್ ದಿ ಎವರ್‌ಲಾಸ್ಟಿಂಗ್ ಆರ್ಮ್ಸ್’, ಶೋವಾಲ್ಟರ್ ಮತ್ತು ಹಾಫ್‌ಮನ್ ಅವರ 1887ರ ಕೀರ್ತನೆ. ಶಾಶ್ವತವಾದ ತೋಳುಗಳಿಗೆ ಒರಗಿದ್ದೇನೆ ಅಂತ. ಮೂಲ ಬೈಬಲ್‌ನ ಧರ್ಮೋಪದೇಶಕಾಂಡ 33:27. (ತೋಳನ ಬಾಯಲ್ಲಿ ತೋಳಿನ ಹಾಡು. ಕನ್ನಡದಲ್ಲೇ ಸಿಗೋ ಪನ್ನು, ಬಿಡಬೇಡಿ.)

ರಾತ್ರಿ ರೇಚಲ್ ಮೊಣಕಾಲ ಮೇಲೆ ಬಂದೂಕು ಇಟ್ಕೊಂಡು ಜಗುಲಿಯಲ್ಲಿ ಕೂತಿರ್ತಾಳೆ. ಅಂಗಳದಲ್ಲಿ ಪವೆಲ್ ‘ಲೀನಿಂಗ್, ಲೀನಿಂಗ್’ ಶುರುಮಾಡ್ತಾನೆ, ಅವಳೂ ದನಿಗೂಡಿಸ್ತಾಳೆ. ಅವನ ಸಾಲಲ್ಲಿ ಯೇಸುವಿನ ಹೆಸರಿಲ್ಲ, ಅವಳ ಸಾಲಲ್ಲಿದೆ. ಅವಳು ಹೆಸರು ಹೊಸದಾಗಿ ಸೇರಿಸ್ತಾಳೆ ಅಂತ ಕೆಲವರು ಬರೀತಾರೆ, ಅದು ತಪ್ಪು. ಈ ಪಲ್ಲವಿ ಹಲವು ದನಿಗಳಿಗೆ ಬರೆದದ್ದು: ಮೇಲಿನ ದನಿ ‘ಲೀನಿಂಗ್’ ಅಂತ ಎಳೆಯುವಾಗ ಕೆಳಗಿನ ದನಿಗಳು ‘ಲೀನಿಂಗ್ ಆನ್ ಜೀಸಸ್’ ಅಂತ ತುಂಬಬೇಕು. ಅಂದರೆ ಪವೆಲ್ ಇಷ್ಟು ಹೊತ್ತು ಅರ್ಧ ಹಾಡನ್ನೇ ಹಾಡ್ತಿದ್ದ. ಉಳಿದರ್ಧ ಅವಳ ಹತ್ತಿರ ಇತ್ತು.

ಇಲ್ಲಿ ಎಡವೋದು ಸಬ್‌ಟೈಟಲ್ ಓದ್ತಾ ಕೂತಾಗ. ಎರಡು ದನಿ ಒಂದರ ಮೇಲೊಂದು ಬರೋದರಿಂದ ವ್ಯತ್ಯಾಸ ಕಿವಿಗೇ ಬೀಳಬೇಕು. ಮೊದಲ ಸಲ ಹಾಗೇ ಹಾಕಿ, ಎರಡನೇ ಸಲ ಸಬ್‌ಟೈಟಲ್ ತೆಗೆದು ರೇಚಲ್ ದನಿ ಮಾತ್ರ ಹಿಡೀರಿ ಅಂತ ಹೇಳಿ. ಕೊಲೆಗಾರನ ಜೊತೆ ಅದೇ ಶ್ರುತಿಯಲ್ಲಿ ಹಾಡೋಕೆ ಅವಳಿಗೆ ಹೇಗೆ ಮನಸ್ಸು ಬಂತು ಅಂತ ಯಾರಾದರೂ ಕೇಳಿಯೇ ಕೇಳ್ತಾರೆ. ಉತ್ತರ ಕೊಡೋಕೆ ಆತುರ ಬೇಡ.

ರೀಲುಡಬ್ಬಿ:
ಅದೇ ದೃಶ್ಯದ ಮುಂದಿನ ಅರ್ಧ ನಿಮಿಷ ನಿಲ್ಲಿಸಬೇಡಿ. ಬೆಳಕು ಅಂದರೆ ಒಳಿತು, ಕತ್ತಲೆ ಅಂದರೆ ಕೆಡುಕು ಅನ್ನೋ ಸೂತ್ರ ಅಲ್ಲೇ ಮುರಿಯುತ್ತೆ. ರೇಚಲ್ ಸಾಕ್ತಿರೋ ಹುಡುಗಿ ರೂಬಿ ಮೋಂಬತ್ತಿ ಹಿಡಿದು ಬರ್ತಾಳೆ. ಒಳಗಡೆ ಬೆಳಕಾದ ತಕ್ಷಣ ಜಗುಲಿಯ ಜಾಲರಿ ಬೆಳಗಿ, ಆಚೆ ಕೂತಿದ್ದ ಪವೆಲ್ ಕಾಣದ ಹಾಗಾಗ್ತಾನೆ. ರೇಚಲ್ ಉಫ್ ಅಂತ ಆರಿಸೋ ಹೊತ್ತಿಗೆ ಅಂಗಳ ಖಾಲಿ. ದೀಪವೇ ಕೇಡಿಗೆ ಮರೆಯಾಯ್ತು. ಬೆನ್ನಿಗೇ ಗೂಬೆ ಮೊಲದ ಮರಿಗೆ ಎರಗುತ್ತೆ.

ಹಾಗೇ ಜಾನ್‌ನ ಅಮ್ಮ, ಪವೆಲ್ ಮದುವೆಯಾದ ವಿಲ್ಲಾಳ ಕೊಲೆ. ಛಾಯಾಗ್ರಾಹಕ ಸ್ಟ್ಯಾನ್ಲಿ ಕೊರ್ಟೆಜ್ ಮಲಗೋ ಕೋಣೆಯನ್ನ ಪ್ರಾರ್ಥನಾಮಂದಿರ ಮಾಡಿಟ್ಟಿದಾರೆ: ಎರಡೂ ಬದಿ ಇಳಿಜಾರು, ಮೇಲೆ ಚೂಪು, ಸುತ್ತ ಕಪ್ಪು. ಎದೆ ಮೇಲೆ ಕೈಕಟ್ಟಿ ಮಲಗಿದ ವಿಲ್ಲಾ, ಮುಖದ ಸುತ್ತ ಪ್ರಭೆ. ಗುಡಿಯಂಥ ಜಾಗ, ಅಷ್ಟು ಬೆಳಕು, ಅಲ್ಲೇ ಚಾಕು.

ಇನ್ನೊಂದು ಎಚ್ಚರಿಕೆ. ನಮ್ಮ ಕಡೆ ಕ್ರೈಸ್ತ ಸಂಕೇತ ಅಂದರೆ ಮಂಗಳೂರಿನ ಇಗರ್ಜಿಗಳ ಶಿಲುಬೆ, ಮಾತೆಯ ಪ್ರತಿಮೆ, ಜಪಮಾಲೆ ಕಣ್ಮುಂದೆ ಬರುತ್ತೆ. ಇಲ್ಲಿ ಅವನ್ನ ಹುಡುಕಿದರೆ ಕೈಗೆ ಹತ್ತೋದು ಕಡಿಮೆ. ಆರ್ಥಿಕ ಕುಸಿತದ ಕಾಲದ ವೆಸ್ಟ್ ವರ್ಜೀನಿಯಾದ ಹಳ್ಳಿ ಪ್ರಾಟೆಸ್ಟೆಂಟರ ಲೋಕ ಇದು, ಇವರ ಸಂಕೇತಗಳೆಲ್ಲ ಮಾತು, ಹಾಡು, ಕಥೆ. ಮಕ್ಕಳ ದೋಣಿ ಓಹಿಯೋ ನದಿಯಲ್ಲಿ ತೇಲಿ ಬಂದು ಜೊಂಡಿನ ಅಂಚಲ್ಲಿ ರೇಚಲ್‌ಗೆ ಸಿಗುತ್ತೆ. ಮುಂದೆ ಅವಳೇ, ಬುಟ್ಟಿಯಲ್ಲಿಟ್ಟು ನದಿಯ ಜೊಂಡಿನಲ್ಲಿ ಬಿಟ್ಟ ಮಗು ಮೋಶೆಯ ಬೈಬಲ್ ಕಥೆ ಹೇಳ್ತಾಳೆ.

ಟೂರಿಂಗ್‌ಟಾಕೀಸ್:
ತುಂಬಾ ಉಪಯೋಗ ಆಯ್ತು. ಸಿನಿಮಾದಲ್ಲಿ ಬರೋ ಸೇಬನ್ನ ಬೈಬಲ್‌ನ ಏದೆನ್ ತೋಟದಲ್ಲಿ ಹವ್ವ ತಿಂದ ನಿಷಿದ್ಧ ಹಣ್ಣು ಅನ್ನಬಹುದಾ?

ಕಪ್ಪುಬಿಳುಪು:
ಬೇಡ್ರೀ. ಸೇಬು ಕಂಡಲ್ಲೆಲ್ಲ ಹವ್ವಳನ್ನ ಕರೆದರೆ ಸಿನಿಮಾ ನೋಡಿದ ಹಾಗಾಗಲ್ಲ. ಮೋಶೆ ಕಥೆ ಮುಗಿದ ಮೇಲೆ ರೇಚಲ್ ಜಾನ್‌ಗೆ ನನಗೊಂದು ಸೇಬು ತಾ, ನಿನಗೂ ಒಂದು ತಗೋ ಅಂತಾಳೆ. ಕ್ರಿಸ್‌ಮಸ್ ದಿನ ಕೊಡೋಕೆ ಏನೂ ಇಲ್ಲದ ಅವನು ಸೇಬನ್ನ ಲೇಸಿನ ತುಂಡಲ್ಲಿ ಸುತ್ತಿ ಕೊಡ್ತಾನೆ. ಯಾರೂ ಕದ್ದು ತಿನ್ನಲ್ಲ, ಕೇಳಿ ಕೊಟ್ಟು ತಗೊಳ್ಳೋ ಹಣ್ಣು. ಜೋಡಿಸಲೇಬೇಕು ಅಂದರೆ ಮತ್ತಾಯನ ‘ಫಲ’ಕ್ಕೆ ಜೋಡಿಸಿ.

ಮರೆಯದೆ ತೋರಿಸಬೇಕಾದ್ದು ಪವೆಲ್ ಸಿಕ್ಕಿಬೀಳೋ ದೃಶ್ಯ. ಪೊಲೀಸರು ನೆಲಕ್ಕೆ ಕೆಡವಿ ಕೈಕೋಳ ಹಾಕ್ತಾರೆ, ಜಾನ್‌ನ ಅಪ್ಪನನ್ನ ಹಿಡಿದದ್ದೂ ಹೀಗೇ. ಹುಡುಗ ತಂಗಿಯ ಗೊಂಬೆಯಿಂದ ಪವೆಲ್‌ಗೇ ಬಡಿದು, ತಗೋ ಅಪ್ಪಾ, ನನಗೆ ಬೇಡ ಅಂತ ಕಿರುಚ್ತಾನೆ, ಅಪ್ಪ ಗೊಂಬೆ ಒಳಗೆ ಬಚ್ಚಿಟ್ಟಿದ್ದ 10,000 ಡಾಲರ್ ಮೊತ್ತದ ನೋಟುಗಳು ಚೆಲ್ಲಾಡ್ತವೆ. ಆ ಕ್ಷಣದಲ್ಲಿ ಒಳ್ಳೆಯವರು ಇತ್ತ, ಕೆಟ್ಟವರು ಅತ್ತ ಅಂತ ಗೆರೆ ಎಳೆಯೋಕೆ ಆಗಲ್ಲ. ಕೋರ್ಟಿನಲ್ಲಿ ಅವನು ಪವೆಲ್ ವಿರುದ್ಧ ಬಾಯಿ ಬಿಡಲ್ಲ. ಹೊರಗೆ ಕೊಲ್ರೋ ಅಂತ ಕೂಗೋ ಗುಂಪಿನ ಮುಂದೆ ಇರೋಳು ಅದೇ ಐಸಿ ಸ್ಪೂನ್.

ರೀಲುಡಬ್ಬಿ:
ಕೊನೆಗೆ ತಾಂತ್ರಿಕ ಮಾತು. ಪ್ರೊಜೆಕ್ಟರನ್ನ ‘ವಿವಿಡ್’ನಲ್ಲಿ ಇಡಬೇಡಿ, ಕಪ್ಪು ಬೂದಿ ಬಣ್ಣಕ್ಕೆ ತಿರುಗಿ ಮೋಂಬತ್ತಿಯ ಆಟ ಕೆಡುತ್ತೆ. ‘ಸಿನಿಮಾ’ ಮೋಡ್ ಹಾಕಿ, ಫ್ರೇಮ್ ನಯಗೊಳಿಸೋ ಆಯ್ಕೆ ಇದ್ದರೆ ಆಫ್ ಮಾಡಿ. ಕಿಟಕಿಗಳಿಗೆ ದಪ್ಪ ಪರದೆ ಬೇಕು. ಹಿಂದಿನ ದಿನ ಜಗುಲಿ ದೃಶ್ಯವನ್ನೇ ಹಾಕಿ, ಕಡೇ ಸಾಲಲ್ಲಿ ಕೂತು ನೋಡಿ: ದೀಪ ಬರೋ ಮುಂಚೆ ಅಂಗಳದಲ್ಲಿರೋ ಪವೆಲ್ ಕಂಡರೆ ಸೆಟ್ಟಿಂಗ್ ಸರಿ ಇದೆ.