ಒಂದನೇ ಕ್ಲಾಸಿಗೆ ಐದೂವರೆ ವರ್ಷ ಸಾಕಾ? ವಯಸ್ಸು ಇನ್ನೂ ಇಳಿಸಬೇಕಾ?

ದಾವಣಗೆರೆ ತಾಯಿ (ಪ್ರಶ್ನೆ)

ನಮ್ಮ ಮಗಳು ಹುಟ್ಟಿದ್ದು 2019ರ ನವೆಂಬರ್‌ನಲ್ಲಿ. ಈ 2025ರ ಜೂನ್ 1ಕ್ಕೆ ಐದೂವರೆ ವರ್ಷ ದಾಟುತ್ತದೆ, ಅಷ್ಟೆ. ಎಲ್‌ಕೆಜಿ, ಯುಕೆಜಿ ಎರಡೂ ಮುಗಿದಿವೆ. 6 ವರ್ಷ ತುಂಬಿರಲೇಬೇಕು ಅಂತ ಸರ್ಕಾರ 2022ರಲ್ಲೇ ಆದೇಶ ಮಾಡಿತ್ತು, 2025-26ರಿಂದ ಜಾರಿ ಅಂತ. ಅದಕ್ಕೇ ಇನ್ನೊಂದು ವರ್ಷ ಯುಕೆಜಿಯಲ್ಲೇ ಇರಲಿ ಅಂದಿದ್ದರು ಶಾಲೆಯವರು, ಫೀಸು ಮಾತ್ರ ಮತ್ತೆ ಪೂರ್ತಿ. ಹೇಗೋ ಮನಸ್ಸು ಗಟ್ಟಿ ಮಾಡಿಕೊಂಡಿದ್ದೆವು. ಈಗ ಏಪ್ರಿಲ್‌ನಲ್ಲಿ ಶಿಕ್ಷಣ ಸಚಿವ ಮಧು ಬಂಗಾರಪ್ಪ ಅವರು ರಾಜ್ಯ ಪಠ್ಯಕ್ರಮದ ಶಾಲೆಗಳಿಗೆ 2025-26 ಇದೊಂದು ವರ್ಷ ಮಾತ್ರ 5 ವರ್ಷ 5 ತಿಂಗಳು ಆಗಿದ್ದರೆ ಸಾಕು ಅಂದಿದ್ದಾರೆ.

ಮನೆಯವರು ಸೇರಿಸಿಬಿಡೋಣ, ಒಂದು ವರ್ಷ ಉಳಿಯುತ್ತದೆ ಅನ್ನುತ್ತಾರೆ. ನಾದಿನಿಯಂತೂ ಖಾಯಂ ಆಗಿ ಐದಕ್ಕೇ ಇಳಿಸಬೇಕು, ಮೂರು ವರ್ಷಕ್ಕೇ ಶಾಲೆ ಕಡ್ಡಾಯ ಮಾಡಬೇಕು ಅನ್ನುತ್ತಾಳೆ. ನಮ್ಮತ್ತೆ ಕಾಲದಲ್ಲಿ ತಲೆ ಮೇಲಿಂದ ಕೈ ಹಾಕಿ ಆ ಕಡೆ ಕಿವಿ ಮುಟ್ಟಿದರೆ ಸೇರಿಸಿಕೊಳ್ಳುತ್ತಿದ್ದರಂತೆ. ಮಗಳಿಗೆ ಓದೋಕೆ ಬರುತ್ತದೆ. ಆದರೆ ಮಧ್ಯಾಹ್ನ ಮಲಗದಿದ್ದರೆ ಸಂಜೆ ಅಳುತ್ತಾಳೆ. ಏನು ಮಾಡಲಿ ಹೇಳಿ.

ನಲಿಕಲಿ ಮೇಷ್ಟ್ರು

ಅಕ್ಕಾ, ನಾನು ಚಾಮರಾಜನಗರ ಕಡೆ ಸರ್ಕಾರಿ ಶಾಲೆಯಲ್ಲಿ 14 ವರ್ಷದಿಂದ ಒಂದರಿಂದ ಮೂರನೇ ಕ್ಲಾಸಿನ ಮಕ್ಕಳ ಜೊತೆಗೇ ಇದ್ದೇನೆ. ಆ ಕಿವಿ ಮುಟ್ಟಿಸುವ ಪದ್ಧತಿಯಲ್ಲಿ ಸೇರಿದವನು ನಾನೂ ಹೌದು. ಜನ್ಮದಿನ ಗೊತ್ತಿಲ್ಲದವರಿಗೆಲ್ಲ ಮೇಷ್ಟ್ರೇ ಜೂನ್ 1 ಅಂತ ಬರೆದುಬಿಡುತ್ತಿದ್ದರು, ನನ್ನ ದಾಖಲೆಯಲ್ಲೂ ಅದೇ ಇದೆ.

ಓದೋಕೆ ಬರುತ್ತದೆ ಅನ್ನೋದನ್ನು ನೋಡಬೇಡಿ. ಪೆನ್ಸಿಲ್ ಹಿಡಿದು ಐದು ನಿಮಿಷ ಬರೆದರೆ ಬೆರಳು ನೋಯುತ್ತದಾ? ಅಂಗಿ ಗುಂಡಿ ತಾನೇ ಹಾಕಿಕೊಳ್ಳುತ್ತಾಳಾ? ಒಂದಕ್ಕೆ ಹೋಗಬೇಕು ಅಂತ ಹೊಸ ಟೀಚರ್ ಹತ್ತಿರ ಬಾಯಿ ಬಿಟ್ಟು ಕೇಳುತ್ತಾಳಾ? ಐದೂವರೆಯ ಮಕ್ಕಳು ನನ್ನ ಕ್ಲಾಸಿನಲ್ಲಿ ಬಿಸಿಯೂಟ ಆದ ಮೇಲೆ ಗೋಡೆಗೆ ಒರಗಿ ನಿದ್ದೆ ಹೋಗುತ್ತಾರೆ. ನಾನು ಎಬ್ಬಿಸುವುದಿಲ್ಲ.

ನಮ್ಮಲ್ಲಿ ಹಾಗೆ ಬಿಡಬಹುದು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿಕಲಿ ಪದ್ಧತಿಯೇ ಹಾಗಿದೆ. ಮೂರು ಕ್ಲಾಸಿನ ಮಕ್ಕಳು ಒಟ್ಟಿಗೆ ಕೂರುತ್ತಾರೆ, ಮಗು ಕಲಿಕಾ ಏಣಿಯಲ್ಲಿ ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಮುಂದೆ ಹೋಗುತ್ತದೆ, ನಾಲ್ಕು ದಿನ ಬರದಿದ್ದರೂ ಏನೂ ತಪ್ಪಿಹೋಗುವುದಿಲ್ಲ. ಸಣ್ಣ ವಯಸ್ಸಿಗೆ ಬಂದವರ ಕಷ್ಟ ನನಗೆ ಕಾಣುವುದು ನಾಲ್ಕನೇ ಕ್ಲಾಸಿನಲ್ಲಿ. ಅಲ್ಲಿ ಎಲ್ಲರಿಗೂ ಒಂದೇ ಪಾಠ, ಒಂದೇ ವೇಗ. ಅದುವರೆಗೂ ಚುರುಕಾಗಿದ್ದವರು ಅಲ್ಲಿ ಸುಸ್ತಾಗುತ್ತಾರೆ. ಐದಕ್ಕೆ ಇಳಿಸುವುದು ಬೇಡವೇ ಬೇಡ ಅನ್ನುತ್ತೇನೆ ನಾನು.

ಅಂಗನವಾಡಿ ಟೀಚರ್

ಮೇಷ್ಟ್ರು ಹೇಳಿದ್ದು ಒಪ್ಪುತ್ತೇನೆ. ಆದರೆ ಮೂರು ವರ್ಷಕ್ಕೆ ಕಡ್ಡಾಯ ಅನ್ನೋ ಮಾತನ್ನು ಸುಮ್ನೆ ತಳ್ಳಿಹಾಕಬೇಡಿ.

ನನ್ನ ಕೇಂದ್ರಕ್ಕೆ ಬರುವ ಮಕ್ಕಳ ತಾಯಂದಿರು ಬೆಳಿಗ್ಗೆ ಏಳಕ್ಕೇ ಕೂಲಿಗೆ ಹೋಗುತ್ತಾರೆ. ಒಂದು ವಾರ ಮಗು ಬರಲಿಲ್ಲ ಅಂದರೆ ಅದರ ತೂಕ ಇಳಿದಿರುತ್ತದೆ, ನಾನೇ ತೂಗಿ ಬರೆದುಕೊಂಡಿರುತ್ತೇನೆ. 1975ರಲ್ಲಿ ದೇಶದಲ್ಲಿ 33 ಕಡೆ ಈ ಅಂಗನವಾಡಿ ಯೋಜನೆ ಶುರುವಾದಾಗ ನಮ್ಮ ಟಿ. ನರಸೀಪುರವೂ ಅದರಲ್ಲಿತ್ತು. ಇಷ್ಟು ವರ್ಷವಾದರೂ 3ರಿಂದ 6ರ ಮಕ್ಕಳಿಗೆ ಕಲಿಕೆ ಹಕ್ಕಾಗಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಕಡ್ಡಾಯ ಅನ್ನೋದು 6ರಿಂದ 14ಕ್ಕೆ. ಅದಕ್ಕಿಂತ ಚಿಕ್ಕವರಿಗೆ ಸರ್ಕಾರ ವ್ಯವಸ್ಥೆ 'ಮಾಡಬಹುದು' ಅಂತಿದೆ, 'ಮಾಡಲೇಬೇಕು' ಅಂತಿಲ್ಲ. ಆ ಒಂದು ಪದ ಬದಲಾಗಲಿ ಅಂತ ನನ್ನ ಆಸೆ.

ಅದರ ಜೊತೆಗೆ ನಮ್ಮ ಕೈಗೂ ಸ್ವಲ್ಪ ಬಿಡುವು ಕೊಡಿ. ಮಕ್ಕಳಿಗೆ ಹಾಡು ಹೇಳಿಕೊಡುವ ಹೊತ್ತಿನಲ್ಲಿ ಮೊಬೈಲಿನಲ್ಲಿ ಪೋಷಣ್ ಟ್ರ್ಯಾಕರ್ ಅನ್ನೋ ಸರ್ಕಾರಿ ಆ್ಯಪ್ ತುಂಬಬೇಕು, ಗರ್ಭಿಣಿಯರ ಊಟ ನೋಡಬೇಕು, ಕೆಲವರಿಗೆ ಮತದಾರರ ಪಟ್ಟಿ ಕೆಲಸ ಬೇರೆ. ಪಕ್ಕದ ಶಾಲೆಯಲ್ಲಿ ಎಲ್‌ಕೆಜಿ ತೆಗೆದರೆ ನಮ್ಮ ಕೇಂದ್ರ ಖಾಲಿಯಾಗುತ್ತದೆ ಅನ್ನೋ ಭಯದಿಂದ ಹೋದ ವರ್ಷ ನಾವೆಲ್ಲ ಬೀದಿಗೆ ಇಳಿದಿದ್ದೆವು.

ಫ್ರಾನ್ಸ್‌ನಲ್ಲಿರುವ ಹಾಸನದವಳು

ಇಲ್ಲಿ ನಿಜಕ್ಕೂ ವಯಸ್ಸು ಇಳಿಸಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ. 2019ರಿಂದ ಶಾಲೆ 6ರ ಬದಲು 3 ವರ್ಷಕ್ಕೇ ಕಡ್ಡಾಯ. ಕಾನೂನು ಬರುವ ಮೊದಲೇ ಹೆಚ್ಚುಕಮ್ಮಿ ಎಲ್ಲ ಮಕ್ಕಳೂ ಹೋಗುತ್ತಿದ್ದರು, ಹಾಗಾಗಿ ಯಾರ ಮನೆಯಲ್ಲೂ ದೊಡ್ಡ ಬದಲಾವಣೆ ಆಗಲಿಲ್ಲ. ಸರ್ಕಾರಿ ಶಾಲೆಗೆ ಫೀಸಿಲ್ಲ.

ಆದರೆ ಮೂರಕ್ಕೆ ಕಡ್ಡಾಯ ಮಾಡಿದ್ದು ಎಕೋಲ್ ಮಾತೆರ್ನೆಲ್ ಅನ್ನೋ ಶಿಶುಶಾಲೆಯನ್ನು. ಒಂದನೇ ಕ್ಲಾಸಿಗೆ ಸೇರುವ ವಯಸ್ಸನ್ನಲ್ಲ! ಶಿಶುಶಾಲೆಯಲ್ಲಿ ಮೂರು ವರ್ಷ ಹಾಡು, ಬಣ್ಣ, ಕಥೆ, ಓಡಾಟ. ಮೊದಲ ವರ್ಷದ ಮಕ್ಕಳಿಗೆ ಮಧ್ಯಾಹ್ನ ಮಲಗೋಕೆ ಹಾಸಿಗೆ ಇರುತ್ತದೆ, ಅಪ್ಪ ಅಮ್ಮ ಕೇಳಿದರೆ ಆ ವರ್ಷ ಮಧ್ಯಾಹ್ನ ಮನೆಗೂ ಬಿಡುತ್ತಾರೆ. ಓದು ಬರಹ ಸರಿಯಾಗಿ ಶುರುವಾಗುವುದು ಮಗುವಿಗೆ 6 ತುಂಬುವ ವರ್ಷದ ಸೆಪ್ಟೆಂಬರ್‌ನಲ್ಲಿ. ನನ್ನ ಮಗ ಡಿಸೆಂಬರಿನವನು, ಐದು ವರ್ಷ ಎಂಟು ತಿಂಗಳಿಗೇ ಹೋದ. ಮೊದಲ ಆರು ತಿಂಗಳು ಅವನಿಗೂ ಕಷ್ಟವಾಯಿತು, ನನಗೂ. ಅವನ ಪಕ್ಕ ಕೂತಿದ್ದ ಜನವರಿ ಹುಡುಗ ಹೆಚ್ಚುಕಮ್ಮಿ ಒಂದು ವರ್ಷ ದೊಡ್ಡವನು, ಹೋಲಿಕೆ ಹೇಗೆ ತಪ್ಪಿಸುವುದು ಹೇಳಿ. ದಾವಣಗೆರೆ ಅಕ್ಕಾ, ಮಗು ಯಾವ ಕ್ಲಾಸು ಅನ್ನೋದಕ್ಕಿಂತ ಅಲ್ಲಿ ದಿನವಿಡೀ ಏನು ಮಾಡಿಸುತ್ತಾರೆ ಅಂತ ಹೋಗಿ ಕೂತು ನೋಡಿ.

ದಾವಣಗೆರೆ ತಾಯಿ

ಎಲ್ಲರಿಗೂ ಥ್ಯಾಂಕ್ಸ್. ಮೇಷ್ಟ್ರೇ, ಗುಂಡಿ ಹಾಕಿಕೊಳ್ಳುತ್ತಾಳೆ, ಆದರೆ ಒಂದಕ್ಕೆ ಹೋಗಬೇಕು ಅಂತ ಕೇಳೋಕೆ ಈಗಲೂ ನಾಚಿಕೆ. ಯುಕೆಜಿಯಲ್ಲೂ ಎರಡು ಸಲ ಒದ್ದೆ ಬಟ್ಟೆಯಲ್ಲೇ ಮನೆಗೆ ಬಂದಿದ್ದಳು. ಅದನ್ನು ಮನೆಯವರಿಗೆ ನೆನಪು ಮಾಡಿದೆ, ಅವರೂ ಸುಮ್ಮನಾದರು. ಈ ವರ್ಷ ಒಂದನೇ ಕ್ಲಾಸಿಗೆ ಕಳಿಸುವುದಿಲ್ಲ. ಆದರೆ ಅದೇ ಯುಕೆಜಿ ಪುಸ್ತಕವನ್ನು ಅದೇ ರೂಮಿನಲ್ಲಿ ಇನ್ನೊಮ್ಮೆ ತಿದ್ದಿಸುವುದಕ್ಕೂ ಮನಸ್ಸಿಲ್ಲ. ನಿಟುವಳ್ಳಿ ಕಡೆ ಎಲ್‌ಕೆಜಿ, ಯುಕೆಜಿ ಇರುವ ಸರ್ಕಾರಿ ಶಾಲೆ ಯಾವುದಿದೆ, ಯುಕೆಜಿಗೆ ಸೀಟು ಸಿಗುತ್ತದಾ, ಗೊತ್ತಿದ್ದವರು ದಯವಿಟ್ಟು ತಿಳಿಸಿ. ಸೋಮವಾರ ರಜೆ ಹಾಕಿದ್ದೇನೆ, ಅವಳನ್ನೂ ಕರೆದುಕೊಂಡು ಹೋಗಿ ನೋಡಿ ಬರುತ್ತೇನೆ.