ಜಿಮೇಲ್‌ಗೆ ಕಳಿಸಿದ ಮೇಲ್ ಕೆಲವು ತಲುಪುತ್ತವೆ, ಕೆಲವು ವಾಪಸ್ ಬರುತ್ತವೆ: ಏನು ಕಾರಣ?

ಪ್ರಶ್ನೆ: ಒಂದು ಸಹಕಾರ ಸಂಘಕ್ಕೆ ವಿಪಿಎಸ್ (ಬಾಡಿಗೆಯ ವರ್ಚುವಲ್ ಸರ್ವರ್) ಸಿದ್ಧಮಾಡುತ್ತಿದ್ದೇವೆ. 2 ಜಿಬಿ ರ‍್ಯಾಮ್, ಡೆಬಿಯನ್ 12. ವೆಬ್ ಸರ್ವರ್ ಎಂಜಿನ್‌ಎಕ್ಸ್ ಮೇಲೆ ವರ್ಡ್‌ಪ್ರೆಸ್. ಮೇಲ್ ಸಾಗಿಸಲು ಪೋಸ್ಟ್‌ಫಿಕ್ಸ್, ಬಂದ ಮೇಲ್ ಓದಲು ಡವ್‌ಕಾಟ್, ಡಿಕಿಮ್ ಸಹಿ (ಮೇಲ್ ನಮ್ಮ ಡೊಮೈನಿನದೇ ಎಂಬ ಡಿಜಿಟಲ್ ಗುರುತು) ಹಾಕಲು ಓಪನ್‌ಡಿಕಿಮ್. ಜಿಮೇಲ್‌ಗೆ ಕಳಿಸಿದ ಪತ್ರಗಳಲ್ಲಿ ಕೆಲವು ಸರಿಯಾಗಿ ಹೋಗುತ್ತವೆ, ಕೆಲವು 550 5.7.25 ಎಂಬ ತಿರಸ್ಕಾರ ಸಂಕೇತದೊಂದಿಗೆ ವಾಪಸ್ ಬರುತ್ತವೆ. ಆ ಸಂಕೇತ ಹೇಳುವ ಪಿಟಿಆರ್ ರೆಕಾರ್ಡ್ (ಐಪಿ ವಿಳಾಸದ ಹೆಸರು ಯಾವುದೆಂದು ತಿಳಿಸುವ ಡಿಎನ್‌ಎಸ್ ದಾಖಲೆ) ಹಾಕಿಯಾಗಿದೆ, ಪರೀಕ್ಷಿಸಿದರೆ ಸರಿಯಾಗಿಯೇ ಇದೆ. ಇದಲ್ಲದೆ ವೆಬ್‌ಸೈಟಿನ ಸಂಪರ್ಕ ಫಾರಂನಿಂದ ಹೋಗುವ ಮೇಲ್ ಯಾವಾಗಲೂ ಸ್ಪ್ಯಾಮ್ ಫೋಲ್ಡರ್‌ಗೇ ಬೀಳುತ್ತಿದೆ. ಎರಡೂ ಒಂದೇ ದೋಷವೇ ಸರ್?

ಉತ್ತರ: ಅಲ್ಲ, ಎರಡೂ ಬೇರೆ ಬೇರೆ.

ಮೊದಲನೆಯದು. ನೀವು ಪಿಟಿಆರ್ ಹಾಕಿರುವುದು ಐಪಿವಿ4 ವಿಳಾಸಕ್ಕೆ ಮಾತ್ರ ಇರಬೇಕು. ವಿಪಿಎಸ್ ಜೊತೆಗೆ ಐಪಿವಿ6 (ಹೊಸ ಬಗೆಯ, ಉದ್ದನೆಯ) ವಿಳಾಸವೂ ಬಂದಿರುತ್ತದೆ, ಅದನ್ನು ಯಾರೂ ನೋಡಿರುವುದಿಲ್ಲ. ಎರಡೂ ದಾರಿ ತೆರೆದಿದ್ದರೆ ಪೋಸ್ಟ್‌ಫಿಕ್ಸ್ ಒಮ್ಮೆ ಇದನ್ನು, ಒಮ್ಮೆ ಅದನ್ನು ಆರಿಸಿಕೊಳ್ಳುತ್ತದೆ. ನಾಲ್ಕರ ದಾರಿ ಹಿಡಿದದ್ದು ತಲುಪಿತು, ಆರರ ದಾರಿ ಹಿಡಿದದ್ದು ವಾಪಸ್ ಬಂತು. ವಾಪಸ್ ಬಂದ ಪತ್ರದಲ್ಲಿ 5.7.25ರ ಪಕ್ಕದ ಚೌಕ ಆವರಣದೊಳಗಿನ ವಿಳಾಸ ನೋಡಿ: ಅದರ ತುಂಬ ಕೋಲನ್‌ಗಳಿದ್ದರೆ ಅದು ಐಪಿವಿ6.

ಸುಲಭದ ದಾರಿ ಎಂದರೆ ಪೋಸ್ಟ್‌ಫಿಕ್ಸ್‌ನ ಸೆಟ್ಟಿಂಗ್ ಫೈಲಾದ ಮೇನ್.ಸಿಎಫ್‌ನಲ್ಲಿ 'ಐನೆಟ್_ಪ್ರೋಟೋಕಾಲ್ಸ್ = ಐಪಿವಿ4' ಎಂದು ಹಾಕಿ ಪೋಸ್ಟ್‌ಫಿಕ್ಸನ್ನು ನಿಲ್ಲಿಸಿ ಮತ್ತೆ ಶುರುಮಾಡುವುದು. ಬರೀ ರೀಲೋಡ್ ಮಾಡಿದರೆ ಈ ಬದಲಾವಣೆ ಹತ್ತುವುದಿಲ್ಲ. (ಕಮಾಂಡುಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷಿನಲ್ಲೇ ಮಾಡಿ.) ಐಪಿವಿ6 ಬೇಕೇ ಬೇಕೆಂದಿದ್ದರೆ ಮೂರು ಕಡೆ ಕೆಲಸವಿದೆ: ಆ ವಿಳಾಸಕ್ಕೂ ಪಿಟಿಆರ್, ಮೇಲ್ ಹೋಸ್ಟ್‌ನೇಮ್‌ಗೆ ಎಎಎಎ ರೆಕಾರ್ಡ್ (ಹೆಸರಿನಿಂದ ಐಪಿವಿ6 ವಿಳಾಸ ಹೇಳುವ ದಾಖಲೆ), ಎಸ್‌ಪಿಎಫ್‌ನಲ್ಲಿ (ನಿಮ್ಮ ಡೊಮೈನ್ ಪರವಾಗಿ ಯಾರು ಮೇಲ್ ಕಳಿಸಬಹುದೆಂಬ ದಾಖಲೆ) ಅದರ ಉಲ್ಲೇಖ. ಪಿಟಿಆರ್ ಹೇಳುವ ಹೆಸರನ್ನು ತಿರುಗಿ ಹುಡುಕಿದರೆ ಅದೇ ವಿಳಾಸ ಬರಬೇಕು. ಒಂದು ದಿಕ್ಕು ಸರಿ ಇದ್ದರೆ ಸಾಲದು. ಪಿಟಿಆರ್ ಬದಲಿಸುವ ಜಾಗ ವಿಪಿಎಸ್ ಕೊಟ್ಟವರ ಪ್ಯಾನೆಲ್. ಡೊಮೈನ್ ಕೊಂಡ ಕಡೆ ಹುಡುಕಿದರೆ ಸಿಗದು.

ಎರಡನೆಯದು, ಸಂಪರ್ಕ ಫಾರಂ. ಬಹುಶಃ ಮೇನ್.ಸಿಎಫ್‌ನಲ್ಲಿ 'ಎಸ್‌ಎಂಟಿಪಿಡಿ_ಮಿಲ್ಟರ್ಸ್' (ಎಸ್‌ಎಂಟಿಪಿ ಮೂಲಕ ಬಂದ ಪತ್ರವನ್ನು ಓಪನ್‌ಡಿಕಿಮ್‌ಗೆ ಕೊಡುವ ಸಾಲು) ಮಾತ್ರ ಬರೆದಿದ್ದೀರಿ. ಪಿಎಚ್‌ಪಿಯ ಮೇಲ್ ಫಂಕ್ಷನ್ ಸೆಂಡ್‌ಮೇಲ್ ಮೂಲಕ ಒಳಗಿಂದಲೇ ಪತ್ರ ಹಾಕುತ್ತದೆ, ಎಸ್‌ಎಂಟಿಪಿ ಬಾಗಿಲಿಗೆ ಬರುವುದೇ ಇಲ್ಲ. ಹಾಗಾಗಿ ಅದಕ್ಕೆ ಡಿಕಿಮ್ ಸಹಿ ಬೀಳುವುದಿಲ್ಲ. 'ನಾನ್_ಎಸ್‌ಎಂಟಿಪಿಡಿ_ಮಿಲ್ಟರ್ಸ್' ಸಾಲಿಗೂ ಅದೇ ಬೆಲೆ ಕೊಡಿ. ಇನ್ನೂ ಒಳ್ಳೆಯ ದಾರಿಯಿದೆ: ವರ್ಡ್‌ಪ್ರೆಸ್‌ಗೆ ಎಸ್‌ಎಂಟಿಪಿ ಪ್ಲಗಿನ್ ಹಾಕಿ, ಪ್ರತ್ಯೇಕ ಖಾತೆಯಿಂದ 587 ಪೋರ್ಟ್ ಮೂಲಕ ಕಳಿಸಿ. ಆಮೇಲೆ ಮೇನ್.ಸಿಎಫ್‌ಗೆ 'ಆಥರೈಸ್ಡ್_ಸಬ್ಮಿಟ್_ಯೂಸರ್ಸ್ = !ಡಬ್ಲ್ಯೂಡಬ್ಲ್ಯೂಡಬ್ಲ್ಯೂ-ಡೇಟಾ, ಸ್ಟ್ಯಾಟಿಕ್:ಆಲ್' ಸೇರಿಸಿ (ವೆಬ್‌ಸೈಟ್ ಓಡುವ ಖಾತೆಯೊಂದನ್ನು ಬಿಟ್ಟು ಉಳಿದವರಿಗೆ ಅನುಮತಿ ಎಂದರ್ಥ). ನಾಳೆ ಯಾವುದೋ ಪ್ಲಗಿನ್ ತೂತಿನಿಂದ ಒಳಬಂದವರು ಪಿಎಚ್‌ಪಿಯಿಂದ ಸೆಂಡ್‌ಮೇಲ್ ಕರೆದು ಸಾವಿರಾರು ಸ್ಪ್ಯಾಮ್ ಕಳಿಸುವ ಮಾಮೂಲು ದಾರಿ ಅಲ್ಲಿಗೆ ಮುಚ್ಚುತ್ತದೆ.

ಇನ್ನೊಬ್ಬರ ಸೇರ್ಪಡೆ: ಓಪನ್‌ಡಿಕಿಮ್ ಸಾಕೆಟ್ಟನ್ನೂ (ಪೋಸ್ಟ್‌ಫಿಕ್ಸ್ ಅದರ ಜೊತೆ ಮಾತಾಡುವ ಜಾಗ) ಒಮ್ಮೆ ನೋಡಿಬಿಡಿ. ಡೆಬಿಯನ್‌ನಲ್ಲಿ ಪೋಸ್ಟ್‌ಫಿಕ್ಸ್‌ನ ಎಸ್‌ಎಂಟಿಪಿ ಭಾಗ ಕ್ರೂಟ್‌ನೊಳಗೆ (ಹೊರಗಿನ ಡೈರೆಕ್ಟರಿಗಳು ಕಾಣದ ಬೇಲಿಯೊಳಗೆ) ಓಡುತ್ತದೆ, ರನ್ ಡೈರೆಕ್ಟರಿಯಲ್ಲಿರುವ ಸಾಕೆಟ್ ಅದಕ್ಕೆ ಕಾಣುವುದಿಲ್ಲ. ಲೋಕಲ್‌ಹೋಸ್ಟ್‌ನ 8891 ಪೋರ್ಟ್‌ನಲ್ಲಿ ಇಟ್ಟರೆ ರಗಳೆ ಇರುವುದಿಲ್ಲ. ಡಿಕಿಮ್ ಕೀಲಿ 2048 ಬಿಟ್‌ನದಾದರೆ, ಅದನ್ನು ಡಿಎನ್‌ಎಸ್‌ನಲ್ಲಿ ಹಾಕುವ ಟಿಎಕ್ಸ್‌ಟಿ ರೆಕಾರ್ಡ್‌ನ ಒಂದು ತುಂಡಿನ ಮಿತಿಯಾದ 255 ಅಕ್ಷರ ಮೀರುತ್ತದೆ. ಕೀಲಿ ತಯಾರಿಸುವ ಜೆನ್‌ಕೀ ಕೊಟ್ಟ ಫೈಲಿನಲ್ಲಿ ಅದಕ್ಕೇ ಎರಡು ಉದ್ಧರಣ ತುಂಡುಗಳಿರುವುದು. ಕೆಲವು ಡಿಎನ್‌ಎಸ್ ಪ್ಯಾನೆಲ್‌ಗಳು ತಾವೇ ತುಂಡರಿಸುತ್ತವೆ, ಅಲ್ಲಿ ಉದ್ಧರಣ ಚಿಹ್ನೆ ತೆಗೆದು ಒಂದೇ ಸಾಲಾಗಿ ಹಾಕಬೇಕು. ಎಸ್‌ಪಿಎಫ್ ಅಂತೂ ಒಂದೇ ಒಂದು ಇರಲಿ. ಎರಡಿದ್ದರೆ ಎರಡೂ ರದ್ದಾದ ಹಾಗೆ.

ಮರುಪ್ರಶ್ನೆ: ಐಪಿವಿ6 ವಿಷಯ ನೀವು ಹೇಳಿದಂತೆಯೇ ಇತ್ತು, ಈಗ ಎಲ್ಲ ಹೋಗುತ್ತಿದೆ. ಆದರೆ ಒಳಬರುವ ಸ್ಪ್ಯಾಮ್ ತಡೆಯಲು ಸ್ಪ್ಯಾಮ್‌ಹೌಸ್‌ನ ಜೆನ್ ಪಟ್ಟಿ (ಮೇಲ್ ತೆಗೆದುಕೊಳ್ಳಬಾರದ ಐಪಿ ವಿಳಾಸಗಳ ಪಟ್ಟಿ) ಸೇರಿಸಿದ ಕೂಡಲೇ ಜಿಮೇಲ್ ಸೇರಿ ಎಲ್ಲರ ಪತ್ರಗಳೂ ತಿರಸ್ಕಾರವಾಗುತ್ತಿವೆ. ನಮ್ಮದೇ ಸಿಬ್ಬಂದಿ ಮೊಬೈಲಿನಿಂದ ಕಳಿಸುವುದೂ ನಿಂತಿದೆ.

ಉತ್ತರ: ಸರ್ವರ್‌ನ ಡಿಎನ್‌ಎಸ್ 8.8.8.8 (ಗೂಗಲ್‌ನ ಸಾರ್ವಜನಿಕ ರಿಸಾಲ್ವರ್, ಎಂದರೆ ಡಿಎನ್‌ಎಸ್ ಹುಡುಕಿಕೊಡುವ ಸರ್ವರ್) ಇರಬೇಕು, ಅಲ್ಲವೇ? ಸಾರ್ವಜನಿಕ ರಿಸಾಲ್ವರ್ ಮೂಲಕ ಕೇಳಿದರೆ ಸ್ಪ್ಯಾಮ್‌ಹೌಸ್ ಉತ್ತರ ಕೊಡುವುದಿಲ್ಲ. ಅದರ ಬದಲು 127.255.255.254 ಎಂಬ ತಪ್ಪಿನ ಸಂಕೇತ ಕಳಿಸುತ್ತದೆ. ಪೋಸ್ಟ್‌ಫಿಕ್ಸ್‌ಗೆ ಅದು ಗೊತ್ತಾಗದು. ಏನೋ ಒಂದು ಉತ್ತರ ಬಂತಲ್ಲ, ಹಾಗಾದರೆ ಈ ವಿಳಾಸ ಪಟ್ಟಿಯಲ್ಲಿದೆ ಎಂದುಕೊಂಡು ತಿರಸ್ಕರಿಸುತ್ತದೆ. ನಿಮ್ಮದೇ ರಿಸಾಲ್ವರ್ ಆಗಿ ಅನ್‌ಬೌಂಡ್ ಹಾಕಿ, ರಿಸಾಲ್ವ್.ಕಾನ್ಫ್‌ನಲ್ಲಿ 127.0.0.1 ಕೊಡಿ, ಪೋಸ್ಟ್‌ಫಿಕ್ಸ್ ರೀಸ್ಟಾರ್ಟ್ ಮಾಡಿ. ಕ್ರೂಟ್‌ನೊಳಗೆ ಆ ಫೈಲಿನ ಇನ್ನೊಂದು ಪ್ರತಿ ಇರುತ್ತದೆ. ಅದು ಹೊಸದಾಗುವುದು ಸೇವೆ ಶುರುವಾಗುವಾಗ. ಅನ್‌ಬೌಂಡ್ ಇನ್ನೊಂದು ಸಾರ್ವಜನಿಕ ಸರ್ವರ್‌ಗೆ ಫಾರ್ವರ್ಡ್ ಮಾಡುವಂತೆ ಇಟ್ಟರೆ ಪಾಡು ಮೊದಲಿನದೇ. ಪಟ್ಟಿಯ ಹೆಸರಿನ ಕೊನೆಗೆ ಅಂಟಿಕೊಂಡಂತೆ '=127.0.0.[2..11]' ಎಂದೂ ಸೇರಿಸಿ, ತಪ್ಪಿನ ಸಂಕೇತಗಳು ಲೆಕ್ಕಕ್ಕೇ ಬರುವುದಿಲ್ಲ.

ಮೊಬೈಲಿನ ತೊಂದರೆ ರಿಸಾಲ್ವರ್ ಸರಿಯಾದ ಮೇಲೂ ಉಳಿದೀತು. ಮನೆಯ ಬ್ರಾಡ್‌ಬ್ಯಾಂಡ್, ಮೊಬೈಲ್ ವಿಳಾಸಗಳು ನೇರವಾಗಿ ಮೇಲ್ ಕಳಿಸಬಾರದವು ಎಂಬ ಲೆಕ್ಕದಲ್ಲಿ ಆ ಪಟ್ಟಿಯಲ್ಲಿ ಸಾಮಾನ್ಯವಾಗಿ ಇದ್ದೇ ಇರುತ್ತವೆ. ಅದು ತಪ್ಪಲ್ಲ, ನೀವು ಬರೆದ ಕ್ರಮ ತಪ್ಪು. 'ಪರ್ಮಿಟ್_ಎಸ್‌ಎಎಸ್‌ಎಲ್_ಆಥೆಂಟಿಕೇಟೆಡ್' ಮೊದಲು, ಪಟ್ಟಿ ಆಮೇಲೆ. ಪಾಸ್‌ವರ್ಡ್ ಕೊಟ್ಟು ಬಂದ ಸಿಬ್ಬಂದಿ ಮೊದಲ ಸಾಲಿನಲ್ಲೇ ದಾಟಿಬಿಡುತ್ತಾರೆ.

ಮರುಪ್ರಶ್ನೆ: ಭದ್ರತೆಗೆ ಇನ್ನೇನು ಮಾಡಬೇಕು? ಪದೇಪದೇ ತಪ್ಪು ಪಾಸ್‌ವರ್ಡ್ ಕೊಡುವವರನ್ನು ತಡೆಯುವ ಫೇಲ್‌2ಬ್ಯಾನ್ ಶುರುವೇ ಆಗುತ್ತಿಲ್ಲ. ಸರ್ವರ್‌ಗೆ ದೂರದಿಂದ ಒಳಹೋಗುವ ಎಸ್‌ಎಸ್‌ಎಚ್‌ನಲ್ಲಿ ಪಾಸ್‌ವರ್ಡ್ ಲಾಗಿನ್ 'ನೋ' ಮಾಡಿದರೂ ಪಾಸ್‌ವರ್ಡ್ ಕೇಳುತ್ತಲೇ ಇದೆ.

ಉತ್ತರ: ಡೆಬಿಯನ್ 12ರಲ್ಲಿ ಲಾಗ್ ಫೈಲುಗಳನ್ನು ಬರೆಯುವ ಆರ್‌ಸಿಸ್‌ಲಾಗ್ ತಾನಾಗಿ ಬರುವುದಿಲ್ಲ, ಆದ್ದರಿಂದ ಆಥ್.ಲಾಗ್ ಫೈಲೇ ಇಲ್ಲ. ಫೇಲ್‌2ಬ್ಯಾನ್ ಅದನ್ನೇ ಹುಡುಕಿ ಬಿದ್ದುಹೋಗುತ್ತದೆ. ಜೈಲ್.ಲೋಕಲ್‌ನಲ್ಲಿ 'ಬ್ಯಾಕೆಂಡ್ = ಸಿಸ್ಟಂಡಿ' ಹಾಕಿ, ಪೈಥಾನ್3-ಸಿಸ್ಟಂಡಿ ಪ್ಯಾಕೇಜ್ ಇದೆಯೇ ನೋಡಿ.

ಎಸ್‌ಎಸ್‌ಎಚ್‌ನಲ್ಲಿ ಒಂದೇ ಆಯ್ಕೆ ಎರಡು ಕಡೆ ಇದ್ದರೆ ಮೊದಲು ಓದಿದ್ದೇ ಗೆಲ್ಲುತ್ತದೆ. ಎಸ್‌ಎಸ್‌ಎಚ್‌ಡಿ_ಕಾನ್ಫಿಗ್.ಡಿ ಡೈರೆಕ್ಟರಿಯಲ್ಲಿ ಕ್ಲೌಡ್-ಇನಿಟ್ (ವಿಪಿಎಸ್ಸನ್ನು ಮೊದಲ ಸಲ ಸಿದ್ಧಮಾಡುವ ತಂತ್ರಾಂಶ) ಇಟ್ಟ, 50ರಿಂದ ಶುರುವಾಗುವ ಹೆಸರಿನ ಫೈಲ್ 'ಯೆಸ್' ಎನ್ನುತ್ತಿರುತ್ತದೆ, ನೀವು ತಿದ್ದಿದ ಮುಖ್ಯ ಫೈಲಿನ ಸರದಿ ಅದರ ನಂತರ. 'ನೋ' ಎಂಬುದನ್ನು 10ರಿಂದ ಶುರುವಾಗುವ ಹೆಸರಿನ ಫೈಲಿನಲ್ಲಿ ಇಡಿ, ಸೇವೆ ರೀಲೋಡ್ ಮಾಡಿ. ನಂತರ 'ಎಸ್‌ಎಸ್‌ಎಚ್‌ಡಿ -ಟಿ' ಎಂದು ಕೇಳಿದರೆ (ಟಿ ದೊಡ್ಡಕ್ಷರ) ನಿಜವಾಗಿ ಯಾವುದು ಅನ್ವಯವಾಗುತ್ತದೆ ಎಂದು ಹೇಳುತ್ತದೆ. ಕೀಲಿಯಿಂದ ಇನ್ನೊಂದು ಕಿಟಕಿಯಲ್ಲಿ ಒಳಹೋಗಲು ಆಗುವವರೆಗೆ ಹಳೆಯ ಸೆಷನ್ ಮುಚ್ಚಬೇಡಿ. ಯುಎಫ್‌ಡಬ್ಲ್ಯೂ ಫೈರ್‌ವಾಲ್ ವಿಷಯದಲ್ಲೂ ಅಷ್ಟೇ: ಮೊದಲು ಎಸ್‌ಎಸ್‌ಎಚ್‌ನ 22 ಪೋರ್ಟ್‌ಗೆ ಅನುಮತಿ, ಆಮೇಲೆ ಎನೇಬಲ್. ತೆರೆದಿರಬೇಕಾದವು 22, 25, 80, 443, 587, 993. 143ನ್ನು ಹೊರಗೆ ಬಿಡುವ ಅಗತ್ಯ ನಿಮಗಿಲ್ಲ.

ಸುರಕ್ಷಿತ ಸಂಪರ್ಕದ ಪ್ರಮಾಣಪತ್ರದ ಬಗ್ಗೆ: ಅದನ್ನು ತರುವ ಸರ್ಟ್‌ಬಾಟ್ ತಾನೇ ನವೀಕರಿಸುತ್ತದೆ, ಆದರೆ ರೀಲೋಡ್ ಆಗದ ಡವ್‌ಕಾಟ್ ಹಳೆಯದನ್ನೇ ಹಿಡಿದು ಕೂತಿರುತ್ತದೆ. ವೆಬ್‌ಸೈಟ್ ಸರಿಯಾಗಿದೆ, ಫೋನಿನ ಮೇಲ್ ಆ್ಯಪ್ ಮಾತ್ರ ಅವಧಿ ಮುಗಿದಿದೆ ಎನ್ನುತ್ತಿದೆ ಎಂದು ದೂರು ಬಂದರೆ ಕಾರಣ ಹೆಚ್ಚಾಗಿ ಇದೇ. ರಿನ್ಯೂಯಲ್-ಹುಕ್ಸ್‌ನ ಡಿಪ್ಲಾಯ್ ಡೈರೆಕ್ಟರಿಯಲ್ಲಿ ಪೋಸ್ಟ್‌ಫಿಕ್ಸ್, ಡವ್‌ಕಾಟ್ ಎರಡನ್ನೂ ರೀಲೋಡ್ ಮಾಡುವ ಎರಡು ಸಾಲಿನ ಸ್ಕ್ರಿಪ್ಟ್ ಇಡಿ, ಎಕ್ಸಿಕ್ಯೂಟ್ ಅನುಮತಿ ಕೊಡಲು ಮರೆಯಬೇಡಿ.

ವೈರಸ್ ಹುಡುಕುವ ಕ್ಲಾಮ್‌ಎವಿ ಹಾಕುವ ಯೋಚನೆ ಇದ್ದರೆ 2 ಜಿಬಿಯಲ್ಲಿ ಬೇಡ. ಅದರ ವೈರಸ್ ಗುರುತುಗಳ ಪಟ್ಟಿಯೇ 1 ಜಿಬಿಗಿಂತ ಹೆಚ್ಚು ಮೆಮೊರಿ ನುಂಗುತ್ತದೆ. ಮೆಮೊರಿ ಮುಗಿದಾಗ ಕರ್ನಲ್ ಕೊಲ್ಲುವುದು ವರ್ಡ್‌ಪ್ರೆಸ್‌ನ ಡೇಟಾಬೇಸ್ ಆದ ಪಾಪದ ಮರಿಯಾಡಿಬಿಯನ್ನು ಇರಬಹುದು.

ಇನ್ನೊಬ್ಬರ ಸೇರ್ಪಡೆ: ಡೆಬಿಯನ್ 13ಕ್ಕೆ ಏರಿಸುವ ಅವಸರವೂ ಬೇಡ ಸರ್. ಅದರಲ್ಲಿ ಬರುವುದು ಡವ್‌ಕಾಟ್ 2.4, 2.3ರ ಸೆಟ್ಟಿಂಗ್ ಫೈಲುಗಳನ್ನು ಅದು ಹಾಗೇ ಒಪ್ಪುವುದಿಲ್ಲ. ಬೇರೆ ವಿಪಿಎಸ್‌ನಲ್ಲಿ ಹೊಸದಾಗಿ ಬರೆದು, ಓಡಿಸಿ ನೋಡಿದ ಮೇಲೆ ಇದನ್ನು ಮುಟ್ಟಿ.